ಬಾರದೆಯೂ ಹೋದವರ ಪಟ್ಟಿ ಎಲ್ಲಿ?

ಮಾನ್ಯ ಸಂಪಾದಕರೇ,

ಮುಖ್ಯಮಂತ್ರಿ ಚಾಮರಾಜನಗರಕ್ಕೆ ಬರುತ್ತಾರೆಂದರೆ ಸಾಕು, ಪತ್ರಿಕೆಗಳಲ್ಲಿ ಚೌಕಟ್ಟಿನೊಳಗೊಂದು ಸುದ್ದಿ ಪ್ರತ್ಯಕ್ಷವಾಗುತ್ತದೆ: ‘ಇಲ್ಲಿಗೆ ಬಂದು ಕುರ್ಚಿ ಕಳೆದುಕೊಂಡವರು’. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಯ ಅಧಿಕಾರ ಹೋಗುತ್ತದೆಂಬ ‘ಶಾಪ’ದ ನಂಬಿಕೆ ಅದು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ. ಹೆಸರುಗಳ ಕ್ರಮ ಕೂಡ ಬದಲಾಗುವುದಿಲ್ಲ. ಇದೇ ಊರಿನ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಅರ್ಧ ಲೆಕ್ಕ ಮಾಡಿ ಉತ್ತರದ ಕೆಳಗೆ ಎರಡು ಗೆರೆ ಎಳೆದವರಿಗೆ ಪೂರ್ತಿ ಅಂಕ ಕೊಟ್ಟು ಅಭ್ಯಾಸವಿಲ್ಲ.

ಉಳಿದರ್ಧ ಹೀಗಿದೆ. 1990ರ ನಂತರ ಸುಮಾರು ಹದಿನೇಳು ವರ್ಷ ಯಾವ ಮುಖ್ಯಮಂತ್ರಿಯೂ ಈ ಊರಿಗೆ ಕಾಲಿಡಲಿಲ್ಲ. ಬಂಗಾರಪ್ಪ ಬರಲಿಲ್ಲ, ಕುರ್ಚಿ ಬಿಟ್ಟು ಹೋದರು. ಮೊಯಿಲಿ ಬರಲಿಲ್ಲ, ಹೋದರು. ಜೆ.ಎಚ್. ಪಟೇಲರು 1997ರಲ್ಲಿ ಜಿಲ್ಲೆಯ ಉದ್ಘಾಟನೆಯನ್ನೇ ಜಿಲ್ಲಾ ಕೇಂದ್ರ ಬಿಟ್ಟು ಮಲೆ ಮಹದೇಶ್ವರ ಬೆಟ್ಟದಲ್ಲಿ ಮುಗಿಸಿದರು. 1999ರಲ್ಲಿ ಅವರೂ ಹೋದರು. ಎಸ್.ಎಂ. ಕೃಷ್ಣ, ಧರ್ಮಸಿಂಗ್ ಕತೆಯೂ ಅಷ್ಟೆ. ಯಡಿಯೂರಪ್ಪನವರು ಬಾರದೆಯೂ 2011ರಲ್ಲಿ ರಾಜೀನಾಮೆ ಕೊಟ್ಟರು, ಗಣಿ ಹಗರಣದ ಕುರಿತ ಲೋಕಾಯುಕ್ತ ವರದಿ ಬಂದ ಮೇಲೆ. ದೇವೇಗೌಡರು ಮಾತ್ರ ಇಲ್ಲಿಗೆ ಬಾರದೆ ಪ್ರಧಾನಿಯಾದರು. ಅದನ್ನು ಯಾವ ಕಾಲಂನಲ್ಲಿ ಬರೆಯಬೇಕೋ ಜ್ಯೋತಿಷಿಗಳೇ ಹೇಳಲಿ.

ನಮ್ಮ ರಾಜ್ಯದಲ್ಲಿ ಐದು ವರ್ಷದ ಅವಧಿಯನ್ನು ಪೂರ್ಣವಾಗಿ ಆಳಿದವರು ನಿಜಲಿಂಗಪ್ಪ, ಅರಸು, ಸಿದ್ದರಾಮಯ್ಯ, ಈ ಮೂವರೇ. ಅಂದರೆ ಕುರ್ಚಿ ಕಳೆದುಕೊಳ್ಳುವುದೇ ಇಲ್ಲಿ ವಾಡಿಕೆ. ಹೀಗಿರುವಾಗ ಕೋಲಾರಕ್ಕೆ ಹೋದವರ ಪಟ್ಟಿ ಮಾಡಿದರೂ, ಮಸಾಲೆ ದೋಸೆ ತಿಂದವರ ಪಟ್ಟಿ ಮಾಡಿದರೂ ಶಾಪ ಸಾಬೀತಾಗುತ್ತದೆ.

ಬಂದು ಹೋದವರಿಗಾದರೂ ಕಾರಣಗಳಿರಲಿಲ್ಲವೇ? ಹೆಗಡೆಯವರು 1988ರಲ್ಲಿ ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ಆರೋಪದಿಂದ. ಬೊಮ್ಮಾಯಿಯವರನ್ನು 1989ರಲ್ಲಿ ವಜಾ ಮಾಡಿಸಿದ್ದು ರಾಜ್ಯಪಾಲರ ವರದಿ; ಬಹುಮತ ಸದನದಲ್ಲೇ ತೀರ್ಮಾನವಾಗಬೇಕೆಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವೀರೇಂದ್ರ ಪಾಟೀಲರ ಬದಲಾವಣೆಯನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಪ್ರಕಟಿಸಿಬಿಟ್ಟರು. 2007ರಲ್ಲಿ ಧೈರ್ಯ ಮಾಡಿ ಬಂದ ಕುಮಾರಸ್ವಾಮಿಯವರದಂತೂ ತಮಾಷೆ. ಇಪ್ಪತ್ತು ತಿಂಗಳಿಗೆ ಕುರ್ಚಿ ಬಿಡಬೇಕೆಂಬ ಒಪ್ಪಂದ 2006ರಲ್ಲೇ ಆಗಿತ್ತು. ಒಪ್ಪಂದ ಮಾಡಿಕೊಂಡವರು ಬೆಂಗಳೂರಿನವರು, ಅಪವಾದ ಹೊತ್ತದ್ದು ನಮ್ಮೂರು. ಕುಣಿಯಲಾರದವಳಿಗೆ ನೆಲ ಡೊಂಕು. ಆ ಡೊಂಕು ನೆಲ ನಾವು.

ನನ್ನ ಜಗಳ ನಂಬುವವರೊಡನೆ ಮಾತ್ರವಲ್ಲ. ಸಿದ್ದರಾಮಯ್ಯನವರು 2013ರಿಂದ ಪದೇ ಪದೇ ಬಂದು, ಐದು ವರ್ಷ ಪೂರೈಸಿದಾಗ ನನ್ನ ವಿಚಾರವಾದಿ ಗೆಳೆಯರು ‘ಶಾಪ ಮುರಿಯಿತು’ ಎಂದು ಸಿಹಿ ಹಂಚಿದರು. ಮುರಿಯಲು ಅದು ಇರಬೇಕಲ್ಲವೇ? 2018ರಲ್ಲಿ ಅವರು ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತ ಕೂಡಲೇ ಎದುರು ಮನೆಯವರು ‘ನೋಡಿದಿರಾ ಮೇಷ್ಟ್ರೇ’ ಎಂದರು. ಬಂದ ತಿಂಗಳಿಗೆ ಹೋದರೂ ಶಾಪ, ಐದು ವರ್ಷ ಬಿಟ್ಟು ಹೋದರೂ ಶಾಪ! 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ಪರೀಕ್ಷೆಗೆ ಒಳಗಾಗಿ ಎಂದು ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದಾಗ ಅತ್ತಲಿಂದ ಒಪ್ಪಿಗೆ ಬರಲಿಲ್ಲ. ಯಾವಾಗ ಸೋತಂತೆ ಎಂದು ಮೊದಲೇ ಹೇಳಿ ಕಣಕ್ಕಿಳಿಯುವುದು ವಿಜ್ಞಾನಕ್ಕೆ ಮಾತ್ರ ಬಂದ ಬುದ್ಧಿ.

ಇದನ್ನು ಹಳ್ಳಿಯವರ ಮೌಢ್ಯವೆಂದು ದಯವಿಟ್ಟು ಬರೆಯಬೇಡಿ. ಚಾಮರಾಜೇಶ್ವರನ ರಥೋತ್ಸವ ನಡೆಯುವುದು ಆಷಾಢದಲ್ಲಿ, ಶುಭಕಾರ್ಯಕ್ಕೆ ಆಗದೆಂಬ ತಿಂಗಳಲ್ಲಿ. ಆಷಾಢವೆಂದು ಅತ್ತೆ ಮನೆ, ತವರು ಮನೆ ಎಂದು ಬೇರೆಯಾಗಿರುವ ನವದಂಪತಿಗಳು ಅಂದು ಇಲ್ಲಿ ಸೇರುತ್ತಾರೆ. ಬಾಳೆಹಣ್ಣಿಗೆ ಜವನವೆಂಬ ಪರಿಮಳದ ಸೊಪ್ಪು ಸಿಕ್ಕಿಸಿ ತೇರಿನತ್ತ ಬೀಸಿ ಎಸೆಯುತ್ತಾರೆ. ಗುರಿ ತಪ್ಪಿದ್ದು ಮುಂದಿನವರ ತಲೆಗೆ ಬಿದ್ದರೆ ಇಬ್ಬರೂ ನಗುತ್ತಾರೆ. ನನಗೆ ದೇವರಲ್ಲಿ ನಂಬಿಕೆಯಿಲ್ಲ, ತೇರಿಗೆ ಮಾತ್ರ ತಪ್ಪಿಸಿಕೊಂಡವನಲ್ಲ. ದಾಂಪತ್ಯಕ್ಕೆ ಒಳ್ಳೆಯದೆಂದು ಜನ ಹುಡುಕಿಕೊಂಡು ಬರುವ ಈ ಊರಿಗೆ ಬರಲು ಹೆದರಿದವರು ಓದಿದವರು, ಕೆಂಪು ದೀಪದ ಕಾರಿನವರು. 2016ರಲ್ಲಿ ಮುಖ್ಯಮಂತ್ರಿಯ ಕಾರಿನ ಮೇಲೆ ಕಾಗೆ ಕೂತಾಗ ದಿನವಿಡೀ ಚರ್ಚಿಸಿದವರೂ ಟಿವಿ ವಾಹಿನಿಗಳ ಪದವೀಧರರೇ. 2017ರ ಮೌಢ್ಯ ವಿರೋಧಿ ಕಾಯ್ದೆಯಿಂದ ಜ್ಯೋತಿಷ್ಯ, ವಾಸ್ತುಗಳನ್ನು ಹೊರಗಿಟ್ಟದ್ದು ಯಾವ ಹಳ್ಳಿಯವರೂ ಅಲ್ಲ.

ಆದ್ದರಿಂದ ಒಂದು ಕೋರಿಕೆ. ಮುಂದಿನ ಸಲ ಆ ಚೌಕಟ್ಟು ಹಾಕುವುದೇ ಆದರೆ ಪಕ್ಕದಲ್ಲಿ ಬಾರದೆಯೂ ಹೋದವರ ಹೆಸರುಗಳನ್ನೂ ಹಾಕಿ. ಜಾಗ ಸಾಲದಿದ್ದರೆ ಎರಡನ್ನೂ ತೆಗೆದು, ಹಿಂದಿನ ಭೇಟಿಯಲ್ಲಿ ಕೊಟ್ಟ ಅಹವಾಲುಗಳಲ್ಲಿ ಎಷ್ಟು ಇತ್ಯರ್ಥವಾದವು ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ ಅದನ್ನು ಪ್ರಕಟಿಸಿ.

– ನಿವೃತ್ತ ಗಣಿತ ಶಿಕ್ಷಕ, ಚಾಮರಾಜನಗರ