ಬಾಯಿ ತೆರೆಯಿಸಿ ನೋಡಿದ ವೈದ್ಯರಿಗೆ

ಮಧುಮೇಹಿಯಾದ ನನ್ನ ಅಪ್ಪನಿಗೆ ವಸಡಿನ ಸೋಂಕು ದವಡೆಯ ಕೆಳಗೆ ಇಳಿದು ಉಸಿರಾಟಕ್ಕೇ ತೊಂದರೆಯಾಗಿತ್ತು; ಈಗ ಅವರು ಚೇತರಿಸಿಕೊಂಡು ಮನೆಗೆ ಮರಳಿದ್ದಾರೆ. ನೆರವಾದವರ ಋಣ ನೆನೆಯುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮ ಕುಟುಂಬ ವೈದ್ಯರಿಗೆ. ಮಾತ್ರೆ, ಪಥ್ಯ ಯಾವುದೂ ತಪ್ಪದಿದ್ದರೂ ಅಪ್ಪನ ಸಕ್ಕರೆ ಹತೋಟಿಗೆ ಬಾರದಿದ್ದಾಗ, ಔಷಧವನ್ನು ಹೆಚ್ಚಿಸುವ ಮೊದಲು ಅವರು ಕೇಳಿದ್ದು, “ಯಜಮಾನರೇ, ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ?” ಎಂದು. ಟಾರ್ಚ್ ಹಿಡಿದು, ಕೆನ್ನೆಯನ್ನು ಬದಿಗೆ ಸರಿಸಿ, ಕೈಗವಸು ತೊಟ್ಟ ಬೆರಳಿನಿಂದ ಕೆಳದವಡೆಯ ವಸಡನ್ನು ಮೆಲ್ಲಗೆ ಒತ್ತಿದಾಗ ಹಲ್ಲಿನ ಬುಡದಿಂದ ಕೀವು ಜಿನುಗಿತು. ವಸಡಿನ ದೀರ್ಘಕಾಲದ ಉರಿಯೂತ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತದೆ, ಏರಿದ ಸಕ್ಕರೆ ವಸಡನ್ನು ಇನ್ನಷ್ಟು ಕೆಡಿಸುತ್ತದೆ ಎಂದು ನಮಗೆ ತಿಳಿಯುವಂತೆ ಹೇಳಿದ ಅವರು, ದಂತವೈದ್ಯರಿಗೆ ತಾವೇ ಪತ್ರ ಬರೆದರು. ಅಪ್ಪನಿಗೆ ಹೃದಯದಲ್ಲಿ ಕೃತಕ ಕವಾಟವಿದೆ, ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಅಲ್ಲಿ ನೆಲೆಯೂರುವ ಅಪಾಯವಿರುವುದರಿಂದ ವಸಡಿನ ಚಿಕಿತ್ಸೆಗೆ ಮುನ್ನ ಆ್ಯಂಟಿಬಯಾಟಿಕ್ ಕೊಡಬೇಕು ಎಂಬುದನ್ನೂ ಅದರಲ್ಲಿ ನಮೂದಿಸಿದ್ದರು.

ಆ ಚಿಕಿತ್ಸೆ ಆರಂಭವಾಗುವ ಮೊದಲೇ ಬಾವು ದವಡೆಯ ಕೆಳಗೆ ಇಳಿಯಿತು. ಆ ರಾತ್ರಿ ಅಪ್ಪ ಎಂಜಲನ್ನೂ ನುಂಗಲಾರದೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದರು; ಅವರು ಉಳಿಯುತ್ತಾರೆಂಬ ನಂಬಿಕೆ ನನ್ನಲ್ಲಿ ಉಳಿದಿರಲಿಲ್ಲ. ನಮ್ಮ ವೈದ್ಯರು ತುರ್ತು ವಿಭಾಗಕ್ಕೆ ತಾವೇ ಬಂದು, ಅಪ್ಪ ನುಂಗುತ್ತಿದ್ದ ಪ್ರತಿ ಮಾತ್ರೆಯ ಹೆಸರನ್ನೂ ಅಲ್ಲಿಯವರಿಗೆ ಬರೆದುಕೊಟ್ಟು, ಕೀವು ತೆಗೆದು ಉಸಿರಾಟ ಹದಕ್ಕೆ ಬರುವವರೆಗೂ ಕದಲಲಿಲ್ಲ.

ಶಸ್ತ್ರಚಿಕಿತ್ಸಕರಿಗೆ, ದಂತವೈದ್ಯರಿಗೆ, ದಾದಿಯರಿಗೆ, ಸರದಿಯಲ್ಲಿ ಕಾವಲು ಕುಳಿತ ಬಂಧುಮಿತ್ರರಿಗೆ ನಮ್ಮ ಮನೆಯವರೆಲ್ಲರ ಹೃತ್ಪೂರ್ವಕ ವಂದನೆಗಳು.

ಬಾಯಿಯನ್ನು ದಂತವೈದ್ಯರಿಗೆ, ಉಳಿದ ದೇಹವನ್ನು ಇತರ ವೈದ್ಯರಿಗೆ ಹಂಚಿಕೊಟ್ಟಿರುವ ಪದ್ಧತಿಯಲ್ಲಿ ರೋಗಿ ನಡುವೆ ಎಲ್ಲೋ ಕೈಬಿಟ್ಟುಹೋಗುತ್ತಾನೆ ಎಂಬುದು ಈಗ ನನಗೆ ಮನವರಿಕೆಯಾಗಿದೆ. ಯುರೋಪಿನ ಕುಟುಂಬ ವೈದ್ಯರ ಸಂಘಟನೆಯೂ ವಸಡು ತಜ್ಞರ ಒಕ್ಕೂಟವೂ 2023ರಲ್ಲಿ ಜಂಟಿ ವರದಿಯೊಂದನ್ನು ಪ್ರಕಟಿಸಿ, ವಸಡಿನ ರೋಗಕ್ಕೂ ಮಧುಮೇಹ, ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳಿಗೂ ಇರುವ ನಂಟನ್ನು ಚರ್ಚಿಸಿವೆ. ನಂಟು ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು ಎಂದು ನಮ್ಮ ವೈದ್ಯರು ಎಚ್ಚರಿಸುತ್ತಾರೆ. ಅಪ್ಪನ ಮೂರು ತಿಂಗಳ ಸರಾಸರಿ ಸಕ್ಕರೆ ಈಗ ಇಳಿದಿದ್ದರೂ ಅದರ ಪೂರ್ತಿ ಶ್ರೇಯಸ್ಸನ್ನು ವಸಡಿನ ಚಿಕಿತ್ಸೆಗೆ ಕೊಡಲು ಅವರು ಒಪ್ಪುವುದಿಲ್ಲ. ಆ ಪ್ರಾಮಾಣಿಕತೆಗೂ ನಾನು ಋಣಿ. ಇನ್ನು ಮುಂದೆ ಅಪ್ಪನ ವರದಿಗಳನ್ನು ಪರಸ್ಪರ ಕಳುಹಿಸಿಕೊಳ್ಳಲು ಅವರೂ ದಂತವೈದ್ಯರೂ ಒಪ್ಪಿದ್ದಾರೆ.