ಕೇಟ್ ಬುಷ್ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗೀ,

ಬ್ರಿಟನ್ನಿನ ಗಾಯಕಿ ಕೇಟ್ ಬುಷ್ ಬಗ್ಗೆ ನೀನು ಬರೆದ ಲೇಖನ ಓದಿದೆ. ಮಾಹಿತಿಯಲ್ಲಿ ತಪ್ಪಿಲ್ಲ. ಆದರೆ 'ಮಾಂತ್ರಿಕ ದನಿ', 'ಅಪೂರ್ವ ಪ್ರತಿಭೆ' ಅಂತ ಮತ್ತೆ ಮತ್ತೆ ಬರೆದಿದ್ದೀಯ. ಆ ಮಾತನ್ನು ಯಾವ ಗಾಯಕಿಗೆ ಬೇಕಾದರೂ ಹೇಳಬಹುದು, ಅಲ್ವಾ?

ಅವರ ಯಾವ ಹಾಡು ಹಿಡಿದರೂ ಮೊದಲು ಒಂದು ಪ್ರಶ್ನೆ ಹಾಕಿಕೋ: ಇಲ್ಲಿ ಮಾತಾಡುತ್ತಿರುವುದು ಯಾರು? ಎಷ್ಟೋ ಪಾಪ್ ಹಾಡುಗಳಲ್ಲಿ 'ನಾನು' ಅಂದರೆ ಹಾಡುವವರೇ. ಕೇಟ್ ಪಾತ್ರದ ಒಳಗೆ ಹೊಕ್ಕು ಹಾಡುತ್ತಾರೆ.

1978ರ 'ವದರಿಂಗ್ ಹೈಟ್ಸ್' ಕೇಳು. ಎಮಿಲಿ ಬ್ರಾಂಟೆಯ ಅದೇ ಹೆಸರಿನ ಕಾದಂಬರಿಯ ನಾಯಕಿ ಕ್ಯಾಥಿ ಸತ್ತುಹೋಗಿದ್ದಾಳೆ. ಚಳಿಯಲ್ಲಿ ಕಿಟಕಿಯಾಚೆ ನಿಂತು ಒಳಗೆ ಬಿಡು ಅಂತ ಬೇಡುತ್ತಿದ್ದಾಳೆ. ದನಿ ಅಷ್ಟು ಮೇಲಕ್ಕೆ ಹೋಗುವುದು ಸುಮ್ನೆ ಅಲ್ಲ, ಅದು ದೆವ್ವದ ದನಿ. ಕೇಟ್‌ಗೆ ಆಗ 19 ವರ್ಷ. ಇಎಂಐ ಎಂಬ ರೆಕಾರ್ಡ್ ಕಂಪನಿ ಮೊದಲು ಬೇರೆ ಹಾಡು ತರೋಣ ಅಂದಿತ್ತು. ಇದೇ ಆಗಬೇಕು ಅಂತ ಇವರು ಹಟ ಹಿಡಿದರು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕು ವಾರ ಅದೇ ಮೊದಲ ಸ್ಥಾನದಲ್ಲಿತ್ತು. ತಾನೇ ಬರೆದು ಹಾಡಿದ ಹಾಡಿನಿಂದ ಅಲ್ಲಿಗೇರಿದ ಮೊದಲ ಮಹಿಳೆ ಅವರು. ನೀನು ದಾಖಲೆ ಬರೆದಿದ್ದೀಯ, ದೆವ್ವವನ್ನೇ ಬಿಟ್ಟಿದ್ದೀಯ!

1980ರ ಆಲ್ಬಂನಲ್ಲಿ 'ಬ್ರೀದಿಂಗ್' ಹಾಡುವುದು ಅಣುಬಾಂಬಿನ ವಿಷಗಾಳಿಗೆ ಹೆದರುವ, ಇನ್ನೂ ಹುಟ್ಟದ ಮಗು. 'ಆರ್ಮಿ ಡ್ರೀಮರ್ಸ್' ಹಾಡುವುದು ಸೈನಿಕ ಮಗನನ್ನು ಕಳೆದುಕೊಂಡ ತಾಯಿ. ಅದಕ್ಕೆ ತೂಗುವಂಥ ವಾಲ್ಟ್ಸ್ ಲಯ, ಅದರ ನಡುವೆ ಬಂದೂಕು ಸಜ್ಜಾಗುವ ಸದ್ದು. ಇಲ್ಲಿ ಫೇರ್‌ಲೈಟ್ ಅನ್ನೋ ಕಂಪ್ಯೂಟರ್ ವಾದ್ಯದ ಬಗ್ಗೆ ಎರಡು ಸಾಲು ಬರೆ. ಯಾವ ಸದ್ದನ್ನಾದರೂ ಅದರಲ್ಲಿ ಹಿಡಿದಿಟ್ಟು ಕೀಬೋರ್ಡಿನಲ್ಲಿ ಬೇಕಾದ ಸ್ವರಕ್ಕೆ ನುಡಿಸಬಹುದಿತ್ತು. ಅದೇ ಆಲ್ಬಂನ 'ಬಬೂಷ್ಕಾ' ಹಾಡಿನ ಕೊನೆಯಲ್ಲಿ ಗಾಜು ಒಡೆಯುವುದು ಹಾಗೇ.

1982ರ 'ದಿ ಡ್ರೀಮಿಂಗ್' ಅವರೇ ಪೂರ್ತಿಯಾಗಿ ನಿರ್ಮಿಸಿದ ಮೊದಲ ಆಲ್ಬಂ. ಮಾರಾಟ ಅಷ್ಟಾಗಿ ಆಗಲಿಲ್ಲ. ಆಮೇಲೆ ಅಪ್ಪ-ಅಮ್ಮನ ಮನೆಯ ಹಿಂದಿನ ಹಳೇ ಕೊಟ್ಟಿಗೆಯಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು. ಗಂಟೆಗೆ ಇಷ್ಟು ಅಂತ ಬಾಡಿಗೆ ಕೊಡುವ ತಲೆನೋವು ತಪ್ಪಿತು. ಅಲ್ಲಿ ಹುಟ್ಟಿದ್ದು 1985ರ 'ಹೌಂಡ್ಸ್ ಆಫ್ ಲವ್'. ಅದರ ಎರಡನೇ ಬದಿ ಪೂರ್ತಿ ಒಂದೇ ಕಥೆ: ರಾತ್ರಿ ಕಡಲಲ್ಲಿ ಒಬ್ಬಳೇ ತೇಲುತ್ತಿರುವ ಹೆಂಗಸು. ನಿದ್ದೆ ಎಳೆಯುತ್ತದೆ, ನಿದ್ದೆ ಮಾಡಿದರೆ ಮುಳುಗುತ್ತಾಳೆ. ಕಿವಿಗೆ ಯಾರ್ಯಾರದೋ ದನಿ, ಹೆಲಿಕಾಪ್ಟರ್ ಸದ್ದು. ನಿನ್ನ ಲೇಖನದ ಅರ್ಧ ಭಾಗ ಇದಕ್ಕೇ ಹೋದರೂ ನನಗೆ ಬೇಜಾರಿಲ್ಲ.

'ರನ್ನಿಂಗ್ ಅಪ್ ದಟ್ ಹಿಲ್' ಅದೇ ಆಲ್ಬಂನದು. ಗಂಡು ಹೆಣ್ಣು ಜಾಗ ಬದಲಾಯಿಸಿಕೊಂಡು ನೋಡುವ ಆಸೆಯ ಹಾಡು. 1985ರಲ್ಲಿ ಮೂರನೇ ಸ್ಥಾನ, 'ಸ್ಟ್ರೇಂಜರ್ ಥಿಂಗ್ಸ್' ಟಿವಿ ಸರಣಿಯ ದೆಸೆಯಿಂದ 2022ರಲ್ಲಿ ಮೊದಲ ಸ್ಥಾನ. ನೀನು ಇಲ್ಲಿಂದಲೇ ಶುರು ಮಾಡಿದ್ದೀಯ. ಇರಲಿ, ನಿನ್ನ ಓದುಗರಲ್ಲಿ ಜಾಸ್ತಿ ಜನ ಆ ದಾರಿಯಲ್ಲೇ ಬಂದಿರುತ್ತಾರೆ.

1993ರ 'ದಿ ರೆಡ್ ಶೂಸ್' ನನಗೆ ಅಷ್ಟು ಹಿಡಿಸಿಲ್ಲ, ಬೇಗ ದಾಟಿಬಿಡು. ಮುಂದಿನ ಆಲ್ಬಂ ಬಂದಿದ್ದು 2005ರಲ್ಲಿ. ಆ ಅವಧಿಯನ್ನು 'ನಿಗೂಢ ಮೌನ' ಅಂತ ಕರೆದಿದ್ದೀಯ. ಅದನ್ನು ಹೊಡೆದುಹಾಕು. ಮಗ ಹುಟ್ಟಿದ್ದ, ಅವನನ್ನು ಬೆಳೆಸುತ್ತಿದ್ದರು. ವಾಪಸ್ ಬಂದಾಗ ವಾಷಿಂಗ್ ಮೆಷಿನ್‌ನಲ್ಲಿ ಬಟ್ಟೆ ತಿರುಗುವುದನ್ನು ನೋಡುತ್ತಾ ಎಲ್ಲೋ ಕಳೆದುಹೋಗುವ ಹೆಂಗಸಿನ ಹಾಡು ಹಾಡಿದರು, ಪಿಯಾನೋ ಜೊತೆ. ಅಲ್ಲೂ ಕೇಳು, ಮಾತಾಡುತ್ತಿರುವುದು ಯಾರು ಅಂತ. ಪ್ರಶಸ್ತಿಗಳ ಪ್ಯಾರಾ ತೆಗೆದು ಆ ಜಾಗ ಈ ಹಾಡಿಗೆ ಕೊಡು. ಭಾನುವಾರದೊಳಗೆ ಕಳಿಸಿದರೆ ಇನ್ನೊಮ್ಮೆ ಓದುತ್ತೇನೆ.

ನಿನ್ನ ಅಕ್ಕ