ಲಿಂಗದ ಪ್ರಶ್ನೆಗೆ ‘ಇತರೆ’ ಎಂಬ ಕಾಲಂ ಸಾಲದು

ಮಾನ್ಯ ಸಂಪಾದಕರೇ,

ಸಮೀಕ್ಷೆಗಳಲ್ಲಿ, ದಾಖಲಾತಿ ಅರ್ಜಿಗಳಲ್ಲಿ, ಮೊಬೈಲ್‌ನಲ್ಲಿ ತುಂಬುವ ಫಾರಂಗಳಲ್ಲಿ ಹೆಸರು ಮತ್ತು ವಯಸ್ಸಿನ ಬೆನ್ನಿಗೇ ಬರುವ ‘ಲಿಂಗ’ ಎಂಬ ಕಾಲಂ ಕುರಿತು ಈ ಪತ್ರ. ಪ್ರಶ್ನಾವಳಿ ಸಿದ್ಧಪಡಿಸುವ ಕೆಲಸದಲ್ಲಿ ತೊಡಗಿರುವ ನನಗೆ, ಇಡೀ ನಮೂನೆಯಲ್ಲಿ ಎಲ್ಲಕ್ಕಿಂತ ಕಡಿಮೆ ಯೋಚಿಸಿ ಬರೆಯುವ ಪ್ರಶ್ನೆ ಇದೇ ಎಂಬುದು ಮನವರಿಕೆಯಾಗಿದೆ. ಹಳೆಯ ನಮೂನೆಯಿಂದ ‘ಗಂಡು/ಹೆಣ್ಣು’ ಎಂಬುದನ್ನು ಹಾಗೆಯೇ ಎತ್ತಿಕೊಂಡು, ಕೊನೆಗೊಂದು ‘ಇತರೆ’ ಸೇರಿಸಿದರೆ ಎಲ್ಲರನ್ನೂ ಒಳಗೊಂಡಂತಾಯಿತು ಎಂದು ಬಹಳಷ್ಟು ಮಂದಿ ಪ್ರಾಮಾಣಿಕವಾಗಿಯೇ ನಂಬಿದ್ದಾರೆ.

ತೊಡಕು ಶುರುವಾಗುವುದು ಪದದಿಂದಲೇ. ಹುಟ್ಟಿದಾಗ ದಾಖಲಾದದ್ದು, ಈಗ ವ್ಯಕ್ತಿ ತನ್ನನ್ನು ಗುರುತಿಸಿಕೊಳ್ಳುವ ಬಗೆ, ಗುರುತಿನ ಚೀಟಿಯಲ್ಲಿ ನಮೂದಾಗಿರುವುದು, ದೇಹದ ರಚನೆ ಈ ನಾಲ್ಕನ್ನೂ ನಾವು ‘ಲಿಂಗ’ ಎಂಬ ಒಂದೇ ಮಾತಿನಲ್ಲಿ ಕೇಳುತ್ತೇವೆ. ಬಹುತೇಕ ಜನರಿಗೆ ನಾಲ್ಕಕ್ಕೂ ಉತ್ತರ ಒಂದೇ ಆಗಿರುವುದರಿಂದ ಪ್ರಶ್ನೆಯ ದೋಷ ಕಣ್ಣಿಗೆ ಬೀಳುವುದಿಲ್ಲ. ಆದರೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಯಾರನ್ನು ಕರೆಯಬೇಕೆಂದು ತಿಳಿಯಲು ಹೊರಟ ಚಿಕಿತ್ಸಾಲಯವು ‘ಹೆಣ್ಣು’ ಎಂದು ಗುರುತು ಹಾಕಿದವರನ್ನಷ್ಟೇ ಕರೆದರೆ, ಗರ್ಭಕಂಠವಿರುವ ಟ್ರಾನ್ಸ್‌ಜೆಂಡರ್ ಪುರುಷ (ಹುಟ್ಟಿದಾಗ ಹೆಣ್ಣೆಂದು ದಾಖಲಾಗಿ, ಈಗ ತನ್ನನ್ನು ಪುರುಷನೆಂದು ಗುರುತಿಸಿಕೊಳ್ಳುವವರು) ಆ ಪಟ್ಟಿಯಿಂದ ಹೊರಗುಳಿಯುತ್ತಾರೆ. ಅಲ್ಲಿ ಕೇಳಬೇಕಾದದ್ದು ಅಂಗದ ಬಗ್ಗೆಯೇ ಹೊರತು ಲಿಂಗದ ಬಗ್ಗೆಯಲ್ಲ. ಗ್ರಂಥಾಲಯದ ಸದಸ್ಯತ್ವಕ್ಕೋ ವಿದ್ಯುತ್ ಬಿಲ್ಲಿನ ದೂರಿಗೋ ಈ ಮಾಹಿತಿಯೇ ಬೇಕಿಲ್ಲ. ಬೇಡವಾದ ಕಡೆ ಪ್ರಶ್ನೆಯನ್ನು ಕೈಬಿಡುವುದೇ ಸರಿ.

ಇನ್ನು ‘ಇತರೆ’. ಭಾರತದ 2011ರ ಜನಗಣತಿಯಲ್ಲಿ ಈ ಆಯ್ಕೆಯಡಿ ಸುಮಾರು 4.88 ಲಕ್ಷ ಜನ ದಾಖಲಾದರು. ಆದರೆ ಜನಗಣತಿಯಲ್ಲಿ ಸಾಮಾನ್ಯವಾಗಿ ಮನೆಯ ಒಬ್ಬರು ಎಲ್ಲರ ಪರವಾಗಿ ಉತ್ತರಿಸುತ್ತಾರೆ. ಮಗ ಅಥವಾ ಮಗಳು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಅವಕಾಶ ಅಲ್ಲಿ ವಿರಳ. ಮನೆಯವರಿಗೆ ತಿಳಿಯದ ಅಥವಾ ತಿಳಿದೂ ಹೇಳಲಾಗದ ಸಂಗತಿ ಆ ಸಂಖ್ಯೆಯೊಳಕ್ಕೆ ಬರುವುದಾದರೂ ಹೇಗೆ? ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನೀಡಿದ ತೀರ್ಪು, ಪುರುಷ, ಮಹಿಳೆ ಅಥವಾ ತೃತೀಯ ಲಿಂಗಿ ಎಂದು ತಮ್ಮನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಎತ್ತಿಹಿಡಿಯಿತು. ಹೀಗಿರುವಾಗ ‘ಪುರುಷ, ಮಹಿಳೆ, ಟ್ರಾನ್ಸ್‌ಜೆಂಡರ್’ ಎಂಬ ಮೂರರಲ್ಲಿ ಒಂದನ್ನು ಮಾತ್ರ ಆರಿಸಿ ಎನ್ನುವ ನಮೂನೆಯೂ, ನೋಡಲು ಉದಾರವೆನಿಸಿದರೂ, ತಪ್ಪೇ. ತನ್ನನ್ನು ಮಹಿಳೆ ಎಂದೇ ಕಾಣುವ ಟ್ರಾನ್ಸ್‌ಜೆಂಡರ್ ಮಹಿಳೆ ಅದರಲ್ಲಿ ಎರಡು ನಿಜಗಳ ಪೈಕಿ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ.

ಕೆನಡಾ ತನ್ನ 2021ರ ಜನಗಣತಿಯಲ್ಲಿ ಇದನ್ನು ಎರಡು ಪ್ರಶ್ನೆಗಳಾಗಿ ಬಿಡಿಸಿತು: ಹುಟ್ಟಿದಾಗಿನ ಲಿಂಗ ಯಾವುದು, ಈಗಿನ ಲಿಂಗತ್ವ, ಅಂದರೆ ತನ್ನನ್ನು ಗುರುತಿಸಿಕೊಳ್ಳುವ ಬಗೆ, ಯಾವುದು. ಎರಡನೆಯದಕ್ಕೆ ಸ್ವಂತ ಮಾತಿನಲ್ಲಿ ಬರೆಯಲು ಜಾಗವಿತ್ತು. 15 ವರ್ಷ ಮೇಲ್ಪಟ್ಟವರಲ್ಲಿ 1,00,815 ಮಂದಿ ಟ್ರಾನ್ಸ್‌ಜೆಂಡರ್ ಅಥವಾ ನಾನ್‌ಬೈನರಿ (ಕೇವಲ ಗಂಡು ಅಥವಾ ಕೇವಲ ಹೆಣ್ಣು ಎಂದು ಗುರುತಿಸಿಕೊಳ್ಳದವರು) ಎಂದು ತಿಳಿದುಬಂತು. ಅದೇ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಲಿಂಗದ ಪ್ರಶ್ನೆಯ ಜೊತೆಗೆ, ನೀವು ಗುರುತಿಸಿಕೊಳ್ಳುವ ಲಿಂಗತ್ವವು ಜನನದ ವೇಳೆ ನೋಂದಾಯಿಸಿದ ಲಿಂಗವೇ ಆಗಿದೆಯೇ ಎಂಬ ಅರ್ಥದ ಐಚ್ಛಿಕ ಪ್ರಶ್ನೆಯನ್ನು 16 ವರ್ಷ ಮೇಲ್ಪಟ್ಟವರಿಗೆ ಕೇಳಲಾಯಿತು. ಸುಮಾರು 2.62 ಲಕ್ಷ ಜನ, ಅಂದರೆ ಶೇ 0.5ರಷ್ಟು ಮಂದಿ, ‘ಇಲ್ಲ’ ಎಂದರು. ಬಳಿಕ ಅಂಕಿಗಳನ್ನು ಪರಿಶೀಲಿಸಿದಾಗ, ಇಂಗ್ಲಿಷ್ ಸರಿಯಾಗಿ ಬಾರದವರಲ್ಲಿ ಈ ಪ್ರಮಾಣ ಹೆಚ್ಚಾಗಿ ಕಂಡಿತು. ಪ್ರಶ್ನೆ ಅರ್ಥವಾಗದೆ ತಪ್ಪು ಗುರುತು ಹಾಕಿದವರೂ ಇದ್ದಿರಬೇಕೆಂಬ ಅನುಮಾನ ಎದ್ದಿತು. ಕೊನೆಗೆ 2024ರಲ್ಲಿ ಆ ಅಂಕಿಅಂಶಗಳನ್ನು ‘ಇನ್ನೂ ಅಭಿವೃದ್ಧಿಯ ಹಂತದಲ್ಲಿರುವವು’ ಎಂಬ ವರ್ಗಕ್ಕೆ ಇಳಿಸಲಾಯಿತು. ಸದುದ್ದೇಶದಿಂದ ಕೇಳಿದ ಪ್ರಶ್ನೆಯೂ ತೊಡಕಿನ ವಾಕ್ಯದಿಂದಾಗಿ ತಾನು ಎಣಿಸಲು ಹೊರಟವರನ್ನೇ ಮಸುಕಾಗಿಸಿತು ಎಂಬುದು ನನ್ನನ್ನು ತುಂಬ ಕಾಡಿದ ಸಂಗತಿ, ಏಕೆಂದರೆ ಕನ್ನಡದಲ್ಲಿ ಇಂಥ ಪ್ರಶ್ನೆಗಳು ಬಹುತೇಕ ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ಬಂದವು. ‘ಜನನ ಸಮಯದಲ್ಲಿ ನಿಯೋಜಿತ ಲಿಂಗ’ ಎಂದು ಬರೆದರೆ ಎಷ್ಟು ಜನಕ್ಕೆ ತಿಳಿದೀತು? ‘ನೀವು ಹುಟ್ಟಿದಾಗ ಗಂಡು ಮಗು ಎಂದು ಬರೆಸಿದ್ದರೋ, ಹೆಣ್ಣು ಮಗು ಎಂದೋ?’ ಎಂದು ಕೇಳಿ, ನಂತರ ‘ಈಗ ನೀವು ನಿಮ್ಮನ್ನು ಹೇಗೆ ಗುರುತಿಸಿಕೊಳ್ಳುತ್ತೀರಿ?’ ಎಂದರೆ ಅರ್ಥ ನೇರವಾಗಿ ತಲುಪುತ್ತದೆ. ಎರಡೂ ಅಗತ್ಯವಿರುವ ಸಮೀಕ್ಷೆಗೆ ಮಾತ್ರ ಈ ಜೋಡಿ. ಉಳಿದೆಡೆ ಎರಡನೆಯದೊಂದೇ ಸಾಕು. ಅಂತರಲಿಂಗಿಗಳ (ಹುಟ್ಟಿನಿಂದಲೇ ದೇಹದ ಲಿಂಗಲಕ್ಷಣಗಳು ಗಂಡು ಅಥವಾ ಹೆಣ್ಣಿನ ಸಾಮಾನ್ಯ ರಚನೆಗೆ ಹೊಂದದವರ) ವಿಚಾರ ಬೇರೆಯೇ ಆದ್ದರಿಂದ ಅದನ್ನು ಇದರೊಳಗೆ ತುರುಕದೆ, ಬೇಕಿದ್ದರೆ ಪ್ರತ್ಯೇಕವಾಗಿ ಕೇಳಬೇಕು.

‘ಹೇಳಲು ಇಷ್ಟವಿಲ್ಲ’ ಎಂಬ ಆಯ್ಕೆ ಇರಲೇಬೇಕು. ಮುಖ ನೋಡಿ, ಧ್ವನಿ ಕೇಳಿ ಕಾಲಂ ತುಂಬುವ ಅಭ್ಯಾಸವನ್ನು ಸಮೀಕ್ಷಕರು ಬಿಡಬೇಕು. ಮನೆಮಂದಿಯ ಎದುರು ಜೋರಾಗಿ ಕೇಳುವ ಬದಲು ಕಾಗದವನ್ನೋ ಮೊಬೈಲನ್ನೋ ಉತ್ತರಿಸುವವರ ಕೈಗೇ ಕೊಡಬಹುದು. ವ್ಯಕ್ತಿಯ ಬಗ್ಗೆ ಬರೆಯುವಾಗ ‘ಅವನು’, ‘ಅವಳು’ ಎಂಬ ಗೊಂದಲಕ್ಕೆ ಕನ್ನಡದಲ್ಲಿ ಜಾಗವೇ ಇಲ್ಲ. ‘ಅವರು’ ಎಂಬ ಗೌರವದ ಮಾತು ಮೊದಲಿನಿಂದಲೂ ನಮ್ಮ ಬಳಿ ಇದೆ. ಚಿಕ್ಕ ಊರುಗಳ ಅಂಕಿಯನ್ನು ಪ್ರಕಟಿಸುವಾಗಲೂ ಎಚ್ಚರ ಬೇಕು, ಏಕೆಂದರೆ ಒಂದು ಊರಿನ ಪಟ್ಟಿಯಲ್ಲಿ ‘1’ ಎಂದು ಅಚ್ಚಾದರೆ ಅದು ಯಾರೆಂದು ಊರಿಗೆಲ್ಲ ತಿಳಿಯುತ್ತದೆ.

ನಮೂನೆ ರೂಪಿಸುವವರಲ್ಲಿ ನನ್ನ ವಿನಂತಿ ಇಷ್ಟು: ಅಚ್ಚಿಗೆ ಕಳಿಸುವ ಮುನ್ನ ಈ ಪ್ರಶ್ನೆಯನ್ನು ಲಿಂಗತ್ವ ಅಲ್ಪಸಂಖ್ಯಾತರಿಗೂ, ಹೆಚ್ಚು ಓದಿರದ ಹಿರಿಯರಿಗೂ ತೋರಿಸಿ, ‘ಇಲ್ಲಿ ಏನು ಕೇಳಿದೆ ಎಂದು ನಿಮಗೆ ಅನಿಸಿತು?’ ಎಂದು ವಿಚಾರಿಸಿ. ಇಬ್ಬರ ಉತ್ತರವೂ ನೀವು ಕೇಳಬಯಸಿದ್ದಕ್ಕೆ ಹೊಂದುವವರೆಗೆ ವಾಕ್ಯವನ್ನು ತಿದ್ದುತ್ತಿರಿ.

ಇಂತಿ,
ಪ್ರಶ್ನಾವಳಿ ರಚನೆಯಲ್ಲಿ ತೊಡಗಿರುವ ಓದುಗರೊಬ್ಬರು